ನಾಲ್ಕು ಬಾಗಿಲು, ಸಾಲು ಆರು ಸಿಲಿಂಡರ್: ಹಳೆಯ ಹೆವಿ ಡ್ಯೂಟಿ ಪಿಕಪ್ ಹುಡುಕುತ್ತಿದ್ದೇನೆ

ಫ್ರೆಸ್ನೋ ಗುಡ್ಡ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕಡೆಯಿಂದ ಹೆದ್ದಾರಿ 168 ಹಿಡಿದು ಗುಡ್ಡ ಹತ್ತಿದರೆ ಸಿಗುವ ಆಬೆರಿ ಊರಿನ ಬಳಿ ನಮ್ಮದು ಎಂಟು ಎಕರೆ ಜಮೀನು, ಒಂದು ಸಣ್ಣ ಮನೆ, ಹನ್ನೊಂದು ಮೇಕೆಗಳು. 2020ರ ಸೆಪ್ಟೆಂಬರಿನಲ್ಲಿ ಕ್ರೀಕ್ ಫೈರ್ ಕಾಡ್ಗಿಚ್ಚು ಹಬ್ಬಿದಾಗ ಈ ಭಾಗವನ್ನೆಲ್ಲ ತೆರವು ಮಾಡಿಸಿದರು. ಆಗ ನಾವು ಎರಡು ಕಾರುಗಳಲ್ಲಿ ಹಂಚಿಹೋಗಿ ಇಳಿದೆವು. ಮೇಕೆಗಳನ್ನು ನೆರೆಯವರ ಟ್ರೇಲರಿಗೆ ಹತ್ತಿಸಿ ಕಳಿಸಬೇಕಾಯಿತು. ಅಂದಿನಿಂದ ನನ್ನ ತಲೆಯಲ್ಲಿ ಕೂತಿರುವುದು ಒಂದೇ ವಿಷಯ. ಅಮ್ಮನೂ ಸೇರಿ ಮನೆಯ ಐವರೂ ಒಂದೇ ಗಾಡಿಯಲ್ಲಿ ಕೂತು, ಹಿಂದೆ ಸುಮಾರು 7,000 ಪೌಂಡಿನ ಟ್ರೇಲರ್ ಕಟ್ಟಿಕೊಂಡು ಹೊರಡುವಂತಿರಬೇಕು.

ಹಾಗಾಗಿ ಹೇರು ಹೊರುವ ಲೆಕ್ಕದಲ್ಲಿ ಮುಕ್ಕಾಲು ಟನ್ ಅಥವಾ ಒಂದು ಟನ್ ವರ್ಗದ, ನಾಲ್ಕು ಬಾಗಿಲು ಎರಡು ಸಾಲು ಸೀಟಿನ ಹಳೆಯ ಕ್ರ್ಯೂ ಕ್ಯಾಬ್ ಪಿಕಪ್ ಬೇಕಾಗಿದೆ. ಎಂಜಿನ್ ಮಾತ್ರ ಸಾಲು ಆರು ಸಿಲಿಂಡರಿನದೇ ಆಗಿರಬೇಕು. ಅಪ್ಪ ಚಳ್ಳಕೆರೆಯಲ್ಲಿ ಟಾಟಾ ಲಾರಿ ಇಟ್ಟಿದ್ದರು. ಬಾನೆಟ್ಟಿನ ಕೆಳಗೆ ಆರು ನಾಜಲ್ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಿ ಬೆಳೆದವನು ನಾನು. ಎಂಟು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿರುವ ವಿ8 ಎಂಜಿನ್ನಿನ ಹಿಂಭಾಗದ ಪ್ಲಗ್ಗಿಗೆ ಕೈ ತೂರಿಸಿ ಚರ್ಮ ಕಿತ್ತುಕೊಂಡ ಅನುಭವ ಒಂದು ಸಲ ಆಗಿದೆ, ಇನ್ನೊಮ್ಮೆ ಬೇಡ. 12,000 ಡಾಲರ್ ಎತ್ತಿಟ್ಟಿದ್ದೇನೆ. ಸ್ಮಾಗ್ ತಪಾಸಣೆ, ಅಂದರೆ ಹೊಗೆ ಮಾಲಿನ್ಯದ ತಪಾಸಣೆ, ಬೇಡದಷ್ಟು ಹಳೆಯದಾದರೆ ಇನ್ನೂ ಒಳ್ಳೆಯದು. ಯಾವ ವರ್ಷದ, ಯಾವ ಕಂಪನಿಯ ಗಾಡಿ ನೋಡಲಿ?

ಕ್ಲೀವ್‌ಲ್ಯಾಂಡ್ ಮಲೆನಾಡಿಗ:

ನೀವು ಕೇಳುತ್ತಿರುವುದು ಸರಳವಾದ ಗಾಡಿಯಂತೆ ಕಂಡರೂ ಅಮೆರಿಕದ ಕಂಪನಿಗಳು ನಾಲ್ಕು ಬಾಗಿಲು, ಸಾಲು ಆರು ಎರಡನ್ನೂ ಒಂದೇ ಗಾಡಿಯಲ್ಲಿ ಕೂಡಿಸಿದ್ದು ಕಡಿಮೆ. ನಾಲ್ಕು ಬಾಗಿಲಿನ ಪಿಕಪ್ ಕೊಳ್ಳುತ್ತಿದ್ದವರು ರೈಲ್ವೆ, ಅರಣ್ಯ ಇಲಾಖೆ, ವಿದ್ಯುತ್ ಕಂಪನಿಗಳಂಥ, ಜನರನ್ನೂ ಸಾಮಾನನ್ನೂ ಒಟ್ಟಿಗೆ ಸಾಗಿಸಬೇಕಾದವರು. ಅಷ್ಟು ಭಾರ ಹೊರುವ ಗಾಡಿಗೆ ಅವರು ಸಾಮಾನ್ಯವಾಗಿ ವಿ8 ಹಾಕಿಸಿಕೊಳ್ಳುತ್ತಿದ್ದರು.

ಆದರೂ ಫೋರ್ಡಿನ 300 ಎಂಜಿನ್ನನ್ನು ಒಮ್ಮೆ ನೋಡಿ. 300 ಕ್ಯೂಬಿಕ್ ಇಂಚು, ಅಂದರೆ 4.9 ಲೀಟರ್, 1965ರಿಂದ 1996ರವರೆಗೆ ಪಿಕಪ್‌ಗಳಲ್ಲಿ ಬಂತು. ಕ್ರ್ಯಾಂಕಿಗೆ ಏಳು ಮೇನ್ ಬೇರಿಂಗ್, ಟೈಮಿಂಗಿಗೆ ಚೈನಿನ ಬದಲು ಗೇರುಗಳೇ. ಯುಪಿಎಸ್‌ನ ಕಂದು ಕೊರಿಯರ್ ವ್ಯಾನುಗಳಲ್ಲಿ ವರ್ಷಗಟ್ಟಲೆ ದುಡಿದದ್ದು ಇದೇ ಎಂಜಿನ್. 1987ರಿಂದ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಕ್ಯಾಮ್ ಗೇರು ಫೈಬರಿನದಾದ್ದರಿಂದ ಹಲ್ಲು ಸವೆಯುವುದುಂಟು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುವುದುಂಟು. ಇವೆರಡನ್ನು ಬಿಟ್ಟರೆ ಅದು ಕೆಡಲು ನಾವೇ ಕೆಡಿಸಬೇಕು. ಕ್ರ್ಯೂ ಕ್ಯಾಬಿನಲ್ಲಿ ಈ ಎಂಜಿನ್ ಅಪರೂಪ, ಆದರೆ ಹುಡುಕಿದರೆ ಸಿಗುತ್ತದೆ. 1981ರ ನಂತರದ ಗಾಡಿಯಾದರೆ 17 ಅಕ್ಷರಗಳ ಚಾಸಿ ಸಂಖ್ಯೆಯಲ್ಲಿ ಎಂಟನೆಯದು ಎಂಜಿನ್ ಯಾವುದೆಂದು ಹೇಳುತ್ತದೆ. ಮಾರುವವರ ಬಾಯಿಮಾತು ಬೇಕಾಗಿಲ್ಲ.

ಇನ್ನೊಂದು ಮಾತು. ಎಷ್ಟೇ ಅಗ್ಗವಾದರೂ ನಮ್ಮ ಒಹಾಯೊ ಕಡೆಯ ಗಾಡಿ ಕೊಳ್ಳಬೇಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕ್ಯಾಬಿನ ಹಿಂಮೂಲೆಗಳನ್ನೂ ಸ್ಪ್ರಿಂಗ್ ಪಟ್ಟಿಗಳ ಹ್ಯಾಂಗರುಗಳನ್ನೂ ಒಳಗಿನಿಂದಲೇ ತಿಂದಿರುತ್ತದೆ. ಹೊರಗೆ ಬಣ್ಣ ಮಾತ್ರ ಉಳಿದಿರುತ್ತದೆ.

ಎಲ್ ಪಾಸೊ ರೈತ:

ಮಲೆನಾಡಿನ ಸ್ನೇಹಿತರು 300ರ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಈ ಕೆಲಸಕ್ಕೆ ಅದು ಸಾಲದು. ಇಂಜೆಕ್ಷನ್ ಬಂದ ಮೇಲೂ ಅದರ ಶಕ್ತಿ 150 ಕುದುರೆಯ ಆಸುಪಾಸು, ಟಾರ್ಕ್ 265 ಪೌಂಡ್-ಅಡಿಯ ಹತ್ತಿರ. ಐದು ಜನ, ಒಂದು ಟನ್ ಪಿಕಪ್, 7,000 ಪೌಂಡ್ ಟ್ರೇಲರ್, ಆಗಸ್ಟಿನ ಬಿಸಿಲು, ಮೇಲೆ 168ರ ಏರು. ಎಂಜಿನ್ ಹಾಳಾಗುವುದಿಲ್ಲ ನಿಜ, ಆದರೆ ಎರಡನೇ ಗೇರಿನಲ್ಲಿ ಹಿಂದಿನವರ ಶಾಪ ಕೇಳುತ್ತಾ ಹತ್ತಬೇಕಾಗುತ್ತದೆ. ಬೆಂಕಿ ಬಂದ ದಿನ ನೀವು ಇಳಿಯುವವರೇ ಇರಬಹುದು, ಆದರೆ ಹೇರಿಕೊಂಡು ಹತ್ತುವ ದಿನಗಳೇ ವರ್ಷದಲ್ಲಿ ಹೆಚ್ಚು.

ಸಾಲು ಆರು ಬೇಕು, ಎಳೆಯಲೂ ಬೇಕು ಎಂದರೆ ಉಳಿಯುವುದು ಡಾಡ್ಜ್‌ನ 5.9 ಲೀಟರ್ ಕಮಿನ್ಸ್ ಡೀಸೆಲ್ ಒಂದೇ. ಆ ಕಾಲದ ಫೋರ್ಡ್ ಮತ್ತು ಷೆವ್ರೊಲೆ ಪಿಕಪ್‌ಗಳ ಡೀಸೆಲ್ ಎಂಜಿನ್ನುಗಳು ವಿ8. ಆದರೆ ಇಲ್ಲಿಯೇ ವಿಧಿಯ ಒಂದು ತಮಾಷೆ ಇದೆ. ಡಾಡ್ಜ್ ಕಂಪನಿ ನಿಜವಾದ ಕ್ರ್ಯೂ ಕ್ಯಾಬ್ ಮಾಡುತ್ತಿತ್ತು, 1985ಕ್ಕೆ ನಿಲ್ಲಿಸಿತು. ಕಮಿನ್ಸ್ ಎಂಜಿನ್ ಅದರ ಪಿಕಪ್ಪಿಗೆ ಬಂದದ್ದು 1989ಕ್ಕೆ. ನಡುವೆ ನಾಲ್ಕು ವರ್ಷದ ಕಂದಕ. 1989ರಿಂದ 1997ರವರೆಗೆ ಬಂದ ಕಮಿನ್ಸ್ ಡಾಡ್ಜ್‌ಗಳು ಎಷ್ಟು ಗಟ್ಟಿಯೋ ಅಷ್ಟೇ ಇಕ್ಕಟ್ಟು: ಇಲ್ಲವೇ ಒಂಟಿ ಕ್ಯಾಬ್, ಇಲ್ಲವೇ ಹಿಂದೆ ಮಕ್ಕಳು ಮಾತ್ರ ಕೂರಬಹುದಾದ ಎರಡು ಬಾಗಿಲಿನ ಕ್ಲಬ್ ಕ್ಯಾಬ್. ನಾಲ್ಕು ಬಾಗಿಲಿನ ಕ್ವಾಡ್ ಕ್ಯಾಬ್ ಬಂದದ್ದು 1998ರ ಮಾಡೆಲ್ಲಿಗೆ.

ಸ್ಯಾಕ್ರಮೆಂಟೊ ಅಕ್ಕ:

ರೈತರು ಹೇಳಿದ ಇಸವಿಗಳ ಪಕ್ಕದಲ್ಲಿ ನಮ್ಮ ರಾಜ್ಯದ ಕಾನೂನನ್ನು ಇಟ್ಟು ನೋಡಿ, ತಮಾಷೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1997 ಮತ್ತು ಅದಕ್ಕೂ ಹಿಂದಿನ ಮಾಡೆಲ್ಲಿನ ಡೀಸೆಲ್ ಗಾಡಿಗಳಿಗೆ ಸ್ಮಾಗ್ ತಪಾಸಣೆ ಇಲ್ಲ. 1998ರಿಂದ ಮೇಲಿನವಕ್ಕೆ, ಒಟ್ಟು ತೂಕದ ಮಿತಿ 14,000 ಪೌಂಡಿನೊಳಗಿದ್ದರೆ, ಇದೆ. ಅಂದರೆ ಡಾಡ್ಜ್ ಕಮಿನ್ಸಿಗೆ ನಾಲ್ಕು ಬಾಗಿಲು ಬಂದ ಮಾಡೆಲ್ ವರ್ಷವೂ ಡೀಸೆಲ್‌ನ ವಿನಾಯಿತಿ ಮುಗಿಯುವ ಮಾಡೆಲ್ ವರ್ಷವೂ ಒಂದೇ. ಸ್ಮಾಗ್ ಬೇಡದ, ಕಾರ್ಖಾನೆಯಿಂದಲೇ ನಾಲ್ಕು ಬಾಗಿಲಿನೊಂದಿಗೆ ಬಂದ ಕಮಿನ್ಸ್ ಡಾಡ್ಜ್ ಎಂಬುದು ಇಲ್ಲವೇ ಇಲ್ಲ.

ಪೆಟ್ರೋಲ್ ಗಾಡಿಯಾದರೆ 1975 ಮತ್ತು ಅದಕ್ಕೂ ಹಳೆಯವಕ್ಕೆ ವಿನಾಯಿತಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರಾವೆಲೆಟ್ ಆ ಲೆಕ್ಕಕ್ಕೆ ಬರುತ್ತದೆ: 1957ರಲ್ಲಿ ಮೂರು ಬಾಗಿಲಿನೊಂದಿಗೆ ಬಂತು, ನಾಲ್ಕನೆಯ ಬಾಗಿಲು ಆಮೇಲೆ ಬಂತು, ಕಂಪನಿಯು ಪಿಕಪ್ ತಯಾರಿಕೆಯನ್ನೇ 1975ಕ್ಕೆ ನಿಲ್ಲಿಸಿತು. ಸಾಲು ಆರರ ಎಂಜಿನ್ನಿನಲ್ಲೂ ಸಿಗುತ್ತದೆ. ನೋಡಲು ಬಹಳ ಚೆಂದ. ಆದರೆ ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬೆಂಕಿಯಿಂದ ಓಡಬೇಕಾದ ಗಾಡಿಗೆ, ಬಿಡಿಭಾಗಕ್ಕಾಗಿ ಹಳೆಯ ಸಾಮಾನಿನ ಅಂಗಡಿಗಳನ್ನು ಜಾಲಾಡಬೇಕಾದ ಗಾಡಿಗೆ, ನಾನಂತೂ ಹಣ ಹಾಕುವುದಿಲ್ಲ.

ಫ್ರೆಸ್ನೋ ಗುಡ್ಡ:

ಅಕ್ಕಾ, ಧನ್ಯವಾದಗಳು, ಇಷ್ಟು ದಿನ ಇಲ್ಲದ ಗಾಡಿಯನ್ನೇ ಹುಡುಕುತ್ತಿದ್ದೆ ಎಂದು ಈಗ ತಿಳಿಯಿತು. ಹಾಗಾದರೆ ಕ್ರ್ಯೂ ಕ್ಯಾಬಿನ ಫೋರ್ಡ್ ಎಫ್-350ಗೆ ಕಮಿನ್ಸ್ ಕೂರಿಸಿ ಮಾರುತ್ತಾರಲ್ಲ, ಅದು ಹೇಗೆ? ಅಥವಾ ಡಿಟಿ466 ಎಂಜಿನ್ನಿನ ಇಂಟರ್‌ನ್ಯಾಷನಲ್ 4700 ಕ್ರ್ಯೂ ಕ್ಯಾಬ್? ಅದೂ ಸಾಲು ಆರೇ.

ಸ್ಯಾಕ್ರಮೆಂಟೊ ಅಕ್ಕ:

4700 ಅನ್ನು ಮರೆತುಬಿಡಿ. 14,000 ಪೌಂಡಿಗೆ ಮೇಲ್ಪಟ್ಟ ಡೀಸೆಲ್ ಲಾರಿಗಳಿಗೆ ಈ ರಾಜ್ಯದಲ್ಲಿ ಬೇರೆಯದೇ ನಿಯಮವಿದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ 2010ರ ಹೊಗೆ ಮಾನದಂಡದ ಎಂಜಿನ್ ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ. ಎಂಜಿನ್ ಬದಲಿಸಿದ ಗಾಡಿಯ ವಿಷಯದಲ್ಲಿ ಕಾಗದ ನೋಡದೆ ಮುಂಗಡ ಕೊಡಬೇಡಿ. ಮೊದಲು ಪೆಟ್ರೋಲ್ ಆಗಿದ್ದ ಗಾಡಿಗೆ ಡೀಸೆಲ್ ಕೂರಿಸಿದ್ದರೆ ಸ್ಮಾಗ್ ರೆಫರಿ ಎಂಬ ರಾಜ್ಯದ ವಿಶೇಷ ತಪಾಸಕರ ಬಳಿ ಹೋಗಿ ಒಪ್ಪಿಗೆ ಪಡೆದಿರಬೇಕು, ಆ ತಲೆನೋವು ಕೊನೆಗೆ ಕೊಂಡವರ ಕೊರಳಿಗೇ ಬೀಳುತ್ತದೆ.

ಎಲ್ ಪಾಸೊ ರೈತ:

ಬದಲಿಸಿದ ಎಂಜಿನ್ನಿಗೆ ನನ್ನದೊಂದು ಬೇರೆ ತಕರಾರು ಇದೆ. ಕಮಿನ್ಸ್ ಒಂದೇ 1,100 ಪೌಂಡ್ ತೂಗುತ್ತದೆ. ಒಳ್ಳೆಯ ಕೈ ಕೆಲಸ ಮಾಡಿದ್ದರೆ ಆ ಗಾಡಿ ಇಪ್ಪತ್ತು ವರ್ಷ ಓಡುತ್ತದೆ. ಅರ್ಧ ಕಲಿತವರು ಮಾಡಿದ್ದರೆ ಮೌಂಟು, ವೈರಿಂಗು, ರೇಡಿಯೇಟರ್ ಎಲ್ಲವೂ ಒಬ್ಬೊಬ್ಬರ ತಲೆಗೆ ತೋಚಿದಂತೆ ಇರುತ್ತವೆ. ದಾರಿಯಲ್ಲಿ ನಿಂತರೆ ಯಾವ ಕೈಪಿಡಿಯಲ್ಲೂ ಅದರ ಚಿತ್ರ ಸಿಗುವುದಿಲ್ಲ.

ಹುಬ್ಬಳ್ಳಿ ಗ್ಯಾರೇಜ್:

ಅಮೆರಿಕದ ಗಾಡಿಗಳ ವಿಷಯ ನನಗೆ ಗೊತ್ತಿಲ್ಲ. ಆದರೆ ನೀವೆಲ್ಲ ಹೇಳುತ್ತಿರುವ ಈ 5.9 ಎಂಜಿನ್ ಗೊತ್ತು. ಟಾಟಾ ಮತ್ತು ಕಮಿನ್ಸ್ ಕಂಪನಿಗಳು 1993ರಲ್ಲಿ ಕೂಡಿಕೊಂಡು ಜಮ್‌ಷೆಡ್‌ಪುರದಲ್ಲಿ ಕಾರ್ಖಾನೆ ಹಾಕಿದ ಮೇಲೆ ಇದೇ ಬಿ ಸರಣಿಯ ಆರು ಸಿಲಿಂಡರ್ ಎಂಜಿನ್ ನಮ್ಮ ಟಾಟಾ ಲಾರಿಗಳಿಗೆ ಬಂತು. ಗಬ್ಬೂರು ಬೈಪಾಸಿನಲ್ಲಿ ನಿಂತ ಇಂಥ ಲಾರಿಗಳ ಕೆಳಗೆ ಮಲಗಿ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಬೋರು 102 ಮಿಲಿಮೀಟರ್, ಸ್ಟ್ರೋಕು 120. ಬೋರಿಗಿಂತ ಸ್ಟ್ರೋಕು ಉದ್ದವಾಗಿರುವುದರಿಂದ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ. ಲಾರಿಗೆ ಮಾಡಿದ ಎಂಜಿನ್ನನ್ನು ತಂದು ನಿಮ್ಮ ಕಡೆಯವರು ಪಿಕಪ್ಪಿಗೆ ಇಟ್ಟಿದ್ದಾರೆ, ಅಷ್ಟೇ.

ನೋಡಲು ಹೋದಾಗ ಒಂದು ಕೆಲಸ ಮಾಡಿ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಅದರ ಬಾಯಿಯ ಮೇಲೇ ಬೋರಲಾಗಿ ಸುಮ್ಮನೆ ಇಡಿ. ಅಲ್ಲೇ ಸಣ್ಣಗೆ ಅಲುಗಾಡುತ್ತಾ ಕೂತರೆ ರಿಂಗು, ಪಿಸ್ಟನ್ ಚೆನ್ನಾಗಿವೆ. ಹಾರಿ ಬಿದ್ದರೆ ಬ್ಯಾಕ್ ಕಂಪ್ರೆಷನ್ ಬಂದಿದೆ, ಸವೆದ ರಿಂಗುಗಳ ಸಂದಿಯಿಂದ ಒತ್ತಡ ಕೆಳಗೆ ನುಗ್ಗುತ್ತಿದೆ ಎಂದು ಅರ್ಥ; ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದಕ್ಕೂ ಮೊದಲು, ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ತಣ್ಣಗಿರಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುವ ಹೊಗೆಯನ್ನು ನಿಮಗೆ ತೋರಿಸಲು ಅವರಿಗೆ ಮನಸ್ಸಿಲ್ಲ ಎಂದೇ ತಿಳಿಯಿರಿ.

ಎಲ್ ಪಾಸೊ ರೈತ:

ಹುಬ್ಬಳ್ಳಿ ಕಾಕಾ ಅವರ ಮಾತಿಗೆ ವರ್ಷಗಳ ಲೆಕ್ಕವನ್ನಷ್ಟು ಸೇರಿಸುತ್ತೇನೆ. 1998ರ ಮಧ್ಯದವರೆಗಿನದು 12 ವಾಲ್ವಿನ ಎಂಜಿನ್. 1994ರಿಂದ ಅದಕ್ಕೆ ಬಂದದ್ದು ಬಾಷ್ ಪಿ7100 ಎಂಬ, ನಾಜಲ್ಲುಗಳಿಗೆ ಡೀಸೆಲ್ ಒತ್ತುವ ಸಾಲು ಪಂಪು. ಇಡೀ ಪಂಪಿಗೆ ಕಂಪ್ಯೂಟರಿನ ಹಂಗಿಲ್ಲ. ಕ್ವಾಡ್ ಕ್ಯಾಬ್ ಮತ್ತು 12 ವಾಲ್ವ್ ಎರಡೂ ಒಟ್ಟಿಗೆ ಸಿಗುವುದು 1998ರ ಆರಂಭದ ಕೆಲವೇ ತಿಂಗಳ ಗಾಡಿಗಳಲ್ಲಿ; ಅಂಥದ್ದು ಕಂಡರೆ ನಿಮ್ಮ 12,000 ಡಾಲರ್ ಸಾಲುವುದು ಕಷ್ಟ, ಅದನ್ನು ಇಟ್ಟುಕೊಂಡವರು ಬಿಡುವುದಿಲ್ಲ.

ಅಲ್ಲಿಂದ 2002ರವರೆಗೆ 24 ವಾಲ್ವಿನದು, ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪು. ನೀವು ಕೊಳ್ಳುವುದು ಬಹುಪಾಲು ಇದನ್ನೇ, ಆದ್ದರಿಂದ ಇದರ ಎರಡು ರೋಗಗಳನ್ನು ಚೆನ್ನಾಗಿ ತಿಳಿದುಕೊಳ್ಳಿ. ಮೊದಲನೆಯದು ಪಂಪಿನದು. ವಿಪಿ44 ತಣ್ಣಗಾಗುವುದೂ ಅದಕ್ಕೆ ಜಿಡ್ಡು ಸಿಗುವುದೂ ಅದರೊಳಗೆ ಹರಿಯುವ ಡೀಸೆಲ್ಲಿನಿಂದಲೇ. ಅದಕ್ಕೆ ಡೀಸೆಲ್ ತಳ್ಳುವ ಫೀಡ್ ಪಂಪು, ಇಲ್ಲಿ ಲಿಫ್ಟ್ ಪಂಪ್ ಎನ್ನುತ್ತಾರೆ, ಕಂಪನಿಯಿಂದ ಬಂದಾಗಲೇ ಬಡಕಲು. ಅದು ಸೋತರೆ ಸಾವಿರಾರು ಡಾಲರಿನ ದೊಡ್ಡ ಪಂಪು ಹೇಳದೆ ಕೇಳದೆ ಸಾಯುತ್ತದೆ. ಹೇರು ಹೊತ್ತು ಏರು ಹತ್ತುವಾಗಲೂ ಒತ್ತಡ 10 ಪಿಎಸ್‌ಐಗಿಂತ ಕೆಳಗಿಳಿಯಬಾರದು. ಕಂಪ್ಯೂಟರಿನಲ್ಲಿ ಪಿ0216 ಎಂಬ ಕೋಡ್ ಕಂಡರೆ ಆ ಪಂಪಿನ ಕಥೆ ಮುಗಿಯುತ್ತಾ ಬಂದಿದೆ. ಡ್ಯಾಶ್‌ಬೋರ್ಡಿನ ಬಳಿ ಯಾರಾದರೂ ಇಂಧನ ಒತ್ತಡದ ಮೀಟರ್ ಕೂರಿಸಿದ್ದರೆ, ಆ ಯಜಮಾನರಿಗೆ ಗಾಡಿಯ ಸ್ವಭಾವ ಗೊತ್ತಿತ್ತು ಎಂದರ್ಥ. ನನ್ನ ಮಟ್ಟಿಗೆ ಅದು ಸರ್ವಿಸ್ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ.

ಎರಡನೆಯದು ಬ್ಲಾಕಿನದು. ಈ ವರ್ಷಗಳ ಕೆಲವು ಬ್ಲಾಕುಗಳ ಪಕ್ಕದಲ್ಲಿ ಎರಕದಲ್ಲೇ 53 ಎಂದು ದೊಡ್ಡದಾಗಿ ಮೂಡಿರುತ್ತದೆ. ಅವುಗಳಲ್ಲಿ ನೀರಿನ ಜಾಕೆಟ್ಟಿನ ಗೋಡೆ ತೆಳು. ಅಡ್ಡ ಬಿರುಕು ಬಿಟ್ಟು ಕೂಲೆಂಟ್ ಒಸರುತ್ತದೆ. ಎಲ್ಲ 53ಗಳೂ ಬಿರುಕು ಬಿಡುವುದಿಲ್ಲ, ಆದರೆ ಬಿರುಕು ಬಿಟ್ಟ ಮೇಲೆ ಬೆಸುಗೆ ಹಾಕಿ ನಂಬುವಂತಿಲ್ಲ.

2003ರಿಂದ ಕಾಮನ್ ರೈಲ್ ಎಂಜಿನ್, ಸದ್ದು ಕಡಿಮೆ, ಶಕ್ತಿ ಹೆಚ್ಚು. ಇಂಜೆಕ್ಟರ್ ಹೋದರೆ ಖರ್ಚೂ ಹೆಚ್ಚು.

ಕ್ಲೀವ್‌ಲ್ಯಾಂಡ್ ಮಲೆನಾಡಿಗ:

ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. 1998ರಿಂದ 2002ರವರೆಗಿನ ಕ್ವಾಡ್ ಕ್ಯಾಬಿನ ಹಿಂದಿನ ಬಾಗಿಲುಗಳಿಗೆ ಕೀಲು ಹಿಂಭಾಗದಲ್ಲಿದೆ, ಅಲ್ಮೆರಾದ ಜೋಡಿ ಬಾಗಿಲಿನ ಹಾಗೆ. ಮುಂದಿನದನ್ನು ತೆರೆಯದೆ ಹಿಂದಿನದು ತೆರೆಯುವುದಿಲ್ಲ. ಹಿಂದಿನ ಸೀಟಿನ ಬೆನ್ನು ಬಹಳ ನೆಟ್ಟಗೆ. ಸರಿಯಾದ ನಾಲ್ಕು ಬಾಗಿಲು ಬೇಕೆಂದರೆ 2003ರ ನಂತರದ್ದೇ ಆಗಬೇಕು. ನಿಮ್ಮ ತಾಯಿಯವರನ್ನು ಒಮ್ಮೆ ಕೂರಿಸಿ ನೋಡದೆ ತೀರ್ಮಾನ ಮಾಡಬೇಡಿ.

ಫ್ರೆಸ್ನೋ ಗುಡ್ಡ:

ಶನಿವಾರ ಬೇಕರ್ಸ್‌ಫೀಲ್ಡ್ ಬಳಿ 1999ರ ಡಾಡ್ಜ್ 2500 ಕ್ವಾಡ್ ಕ್ಯಾಬ್ ಒಂದನ್ನು ನೋಡಿ ಬಂದೆ. ಚಿತ್ರಗಳಲ್ಲಿ ಬೆಣ್ಣೆಯ ಹಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದು ಹೇಳಿದ್ದರೂ, ಕಾಕಾ ಹೇಳಿದಂತೆ ಬಾನೆಟ್ ಮುಟ್ಟಿದಾಗ ದೋಸೆ ಕಾವಲಿಯ ಹಾಗೆ ಬಿಸಿಯಾಗಿತ್ತು. ಹತ್ತಿರದ ಪೆಟ್ರೋಲ್ ಬಂಕಿಗೆ ಹೋಗಿ ಬಂದೆ ಎಂದು ಮಾರುವವರು ಹೇಳಿದರು. ಒಳಗೆ ನೋಡಿದರೆ ಡೀಸೆಲ್ ಮುಳ್ಳು ಕೆಂಪು ಗೆರೆಯ ಮೇಲೆ ನಿಂತಿತ್ತು. ಮಗಳು ಫ್ರಿಜ್ಜಿನ ಮೇಲಿನ ಅಯಸ್ಕಾಂತವೊಂದನ್ನು ತಂದಿದ್ದಳು. ಕ್ಯಾಬಿನ ಎಡ ಹಿಂಮೂಲೆಯಲ್ಲಿ ಅದು ಹಿಡಿಯಲೇ ಇಲ್ಲ, ಜಾರಿ ನೆಲಕ್ಕೆ ಬಿತ್ತು. ಅಂಗೈಯಗಲ ಬರೀ ಪುಟ್ಟಿ. ಬ್ಲಾಕಿನ ಮೇಲೆ 53 ಇತ್ತು. ಅದರ ಕೆಳಗೆ ತೆಳ್ಳನೆಯ ಒಂದು ಹಸಿರು ಗೆರೆ, ಕೂಲೆಂಟ್ ಒಣಗಿ ಸುಣ್ಣ ಕಟ್ಟಿದಂತೆ. ಮೇಲೆ ಸ್ಮಾಗ್ ಪ್ರಮಾಣಪತ್ರವನ್ನು ನೀವೇ ಮಾಡಿಸಿಕೊಳ್ಳಿ ಎಂದರು. ನಮಸ್ಕಾರ ಹೇಳಿ ಬಂದೆವು.

ಸ್ಯಾಕ್ರಮೆಂಟೊ ಅಕ್ಕ:

ಸ್ಮಾಗ್ ಪ್ರಮಾಣಪತ್ರ ಕೊಡಬೇಕಾದದ್ದು ಮಾರುವವರೇ. ಅದು 90 ದಿನಗಳವರೆಗೆ ನಡೆಯುತ್ತದೆ. ಅದನ್ನು ಕೊಡಲು ಹಿಂಜರಿಯುವವರಿಂದ ಒಂದು ಸೈಕಲ್ಲನ್ನೂ ಕೊಳ್ಳಬಾರದು. ಎಂಜಿನ್ನಿಗೆ ಶಕ್ತಿ ಹೆಚ್ಚಿಸುವ ಪೆಟ್ಟಿಗೆ ಗಿಟ್ಟಿಗೆ ಸೇರಿಸಿರುವ ಗಾಡಿಗಳನ್ನೂ ದೂರವಿಡಿ, ತಪಾಸಣೆಯಲ್ಲಿ ಕಣ್ಣಿಂದಲೂ ನೋಡುತ್ತಾರೆ. ಕಂಪನಿಯಿಂದ ಬಂದ ಹಾಗೆಯೇ ಇರುವ 24 ವಾಲ್ವಿಗೆ ಸ್ಮಾಗ್ ಒಂದು ಭೂತವೇನಲ್ಲ; ಎರಡು ವರ್ಷಕ್ಕೊಮ್ಮೆ ಒಂದು ಗಂಟೆಯ ಕೆಲಸ.

ಫ್ರೆಸ್ನೋ ಗುಡ್ಡ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವೈಸೇಲಿಯಾ ಹತ್ತಿರ ಕಿತ್ತಳೆ ತೋಟವಿರುವ ಹಿರಿಯರೊಬ್ಬರ ಬಳಿ 2002ರ 2500 ಕ್ವಾಡ್ ಕ್ಯಾಬ್ ಸಿಕ್ಕಿತು, ಐದು ಗೇರಿನ ಮ್ಯಾನುಯಲ್. ಬಾನೆಟ್ ತಣ್ಣಗಿತ್ತು. ಸೆಲ್ಫ್ ಹೊಡೆದ ಕೂಡಲೇ ಬಿಳಿ ಹೊಗೆ ಸ್ವಲ್ಪ ಬಂದು ಅರ್ಧ ನಿಮಿಷದಲ್ಲಿ ನಿಂತಿತು. ಬ್ಲಾಕಿನ ಮೇಲಿದ್ದದ್ದು 53 ಅಲ್ಲ. ಆಯಿಲ್ ಮುಚ್ಚಳ ಬೋರಲಾಗಿ ಕೂತು ನಡುಗಿತೇ ಹೊರತು ಹಾರಲಿಲ್ಲ. ಸ್ಟೀರಿಂಗ್ ಕಂಬದ ಪಕ್ಕ ಒತ್ತಡದ ಮೀಟರ್ ಇತ್ತು: ನಿಂತಾಗ 15, ಏರಿನಲ್ಲಿ 12. ಡ್ಯಾಶ್‌ಬೋರ್ಡ್ ಮಾತ್ರ ಹಪ್ಪಳದ ಹಾಗೆ ಒಡೆದಿದೆ. ಆ ಕಾಲದ ಡಾಡ್ಜ್‌ಗಳೆಲ್ಲ ಹೀಗೆಯೇ ಎಂದು ಹಿರಿಯರೇ ನಕ್ಕರು.

ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮುಂದಿನ ಮತ್ತು ಹಿಂದಿನ ಬಾಗಿಲುಗಳನ್ನು ಎರಡು ಕಡೆಗೆ ತೆರೆದರೆ ನಡುವೆ ಕಂಬವೇ ಇರುವುದಿಲ್ಲವಲ್ಲ, ಸೀರೆಯ ನೆರಿಗೆ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕಾಲಿಟ್ಟು ನೇರವಾಗಿ ಹತ್ತಿ ಕೂತರು. ಮಾಮೂಲಿ ಬಾಗಿಲಿಗಿಂತ ಇದೇ ಸಲೀಸು ಎಂದರು. ಬೆನ್ನು ನೆಟ್ಟಗೆ ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಕೆಂಪು ಬಸ್ಸಿಗಿಂತ ಎಷ್ಟೋ ವಾಸಿ ಎಂಬ ಉತ್ತರ ಬಂತು. ಸ್ಮಾಗ್ ಕಾಗದ ಸಹಿತ 11,400 ಡಾಲರಿಗೆ ಮುಗಿಯಿತು.

ಹುಬ್ಬಳ್ಳಿ ಗ್ಯಾರೇಜ್:

ಒಳ್ಳೆಯದಾಯಿತು. ಆದರೆ ಕೆಲಸ ಮುಗಿದಿಲ್ಲ. ಆ ಎಂಜಿನ್ನಿನ ಮುಂಭಾಗದಲ್ಲಿ ಟೈಮಿಂಗ್ ಗೇರುಗಳ ಹೌಸಿಂಗನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲು ಒಂದು ಸಣ್ಣ ಉಕ್ಕಿನ ಡೋವೆಲ್ ಪಿನ್ ಇರುತ್ತದೆ. ಎಂಜಿನ್ನಿನ ನಡುಕಕ್ಕೆ ಅದು ವರ್ಷಗಳ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ಜರುಗುತ್ತಾ ಬಂದು, ಒಂದು ದಿನ ಕಳಚಿ ಗೇರುಗಳ ನಡುವೆ ಬೀಳಬಹುದು. ಬಿದ್ದರೆ ಗೇರಿನ ಹಲ್ಲೂ ಹೌಸಿಂಗೂ ಒಡೆಯುತ್ತವೆ. ಮುಂದಿನ ಕವರ್ ಬಿಚ್ಚಿ, ಪಿನ್ನನ್ನು ಒಳಗೆ ತಟ್ಟಿ, ಪಕ್ಕದ ಬೋಲ್ಟಿಗೆ ಒಂದು ಚಿಕ್ಕ ಪಟ್ಟಿ ಹಾಕಿ ಅದರ ಬಾಯಿ ಮುಚ್ಚಿಬಿಟ್ಟರೆ ಆಯಿತು.

ಎಲ್ ಪಾಸೊ ರೈತ:

ಕಾಕಾ ಅವರು ಹೇಳಿದ್ದಕ್ಕೆ ಇಲ್ಲಿ ಕಿಲ್ಲರ್ ಡೋವೆಲ್ ಪಿನ್ ಎಂದೇ ಹೆಸರು. ಪಟ್ಟಿ, ಬೋಲ್ಟು, ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ.

ಫ್ರೆಸ್ನೋ ಗುಡ್ಡ:

ಕಿಟ್ ತರಿಸಿದ್ದೇನೆ. ಬರುವ ಶನಿವಾರ ಕವರ್ ಬಿಚ್ಚುತ್ತೇನೆ, ಪಿನ್ ಎಷ್ಟು ಹೊರಗೆ ಬಂದಿದೆ ಎಂದು ಚಿತ್ರ ಹಾಕುತ್ತೇನೆ.

ಹುಬ್ಬಳ್ಳಿ ಗ್ಯಾರೇಜ್:

ಬಿಚ್ಚಿದ ಕೂಡಲೇ ಗೇರುಗಳ ಕೆಳಗಿನ ಸಂದಿಗೆ ಒಂದು ಸ್ವಚ್ಛವಾದ ಬಟ್ಟೆ ತುರುಕಿರಿ. ಅಲ್ಲಿಂದ ಕೈ ಜಾರಿದ ಬೋಲ್ಟು ನೇರವಾಗಿ ಆಯಿಲ್ ಸಂಪಿಗೆ ಹೋಗುತ್ತದೆ. ಆಮೇಲೆ ಅದನ್ನು ತೆಗೆಯಲು ಸಂಪು ಇಳಿಸಬೇಕು. ಬಟ್ಟೆಯನ್ನು ಕವರ್ ಮುಚ್ಚುವ ಮೊದಲು ತೆಗೆಯುವುದನ್ನೂ ಮರೆಯಬೇಡಿ. ನನ್ನ ಹುಡುಗನೊಬ್ಬ ಮರೆತಿದ್ದ.